ಮನೆಯ ಸೋಪಿನಿಂದ ಬೆಕ್ಕಿನ ಆಹಾರದವರೆಗೆ: ಬ್ರಾಂಡ್‌ಗಳ ನೈತಿಕತೆಯನ್ನು ಹೋಲಿಸುವ ಕ್ರಮ

ಬೆಂಗಳೂರಿನ ಯಾವುದೇ ಸೂಪರ್‌ಮಾರ್ಕೆಟ್‌ನಲ್ಲಿ ಪಾತ್ರೆ ತೊಳೆಯುವ ದ್ರವ, ಬಟ್ಟೆ ಒಗೆಯುವ ಪುಡಿ, ನೆಲ ಒರೆಸುವ ದ್ರಾವಣ, ನಾಯಿ ಮತ್ತು ಬೆಕ್ಕುಗಳ ಆಹಾರ ಇರಿಸಿರುವ ಸಾಲುಗಳಿಗೆ ಬಂದರೆ, ಹಸಿರು ಎಲೆಯ ಚಿತ್ರವನ್ನೋ ‘ಪರಿಸರಸ್ನೇಹಿ’ ಎಂಬ ಮಾತನ್ನೋ ಹೊತ್ತ ಪೊಟ್ಟಣಗಳು ಪ್ರತಿ ಹಲಗೆಯಲ್ಲೂ ಕಾಣಿಸುತ್ತವೆ. ಇವುಗಳಲ್ಲಿ ಯಾವುದನ್ನು ಕೊಂಡರೆ ಕೆರೆಗೆ, ಪ್ರಾಣಿಗೆ, ದುಡಿಯುವವರಿಗೆ ಕಡಿಮೆ ಕೇಡಾಗುತ್ತದೆ ಎಂದು ತಿಳಿಯಬಯಸುವವರಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇಲ್ಲಿ ಉತ್ತಮ ಬ್ರಾಂಡ್‌ಗಳ ಪಟ್ಟಿ ಇಲ್ಲ. ಒಂದೇ ಕಂಪನಿಯ ಬಟ್ಟೆ ಸೋಪು ಒಪ್ಪತಕ್ಕದ್ದಾಗಿದ್ದು ಅದರದ್ದೇ ಶೌಚಾಲಯದ ದ್ರಾವಣ ಒಪ್ಪಲಾಗದ್ದಾಗಿರಬಹುದು. ಆದ್ದರಿಂದ ಬ್ರಾಂಡಿಗೆ ಬ್ರಾಂಡನ್ನು ಎದುರಿಡುವ ಬದಲು ಉತ್ಪನ್ನಕ್ಕೆ ಉತ್ಪನ್ನವನ್ನು ಎದುರಿಡಬೇಕು, ಅದು ಹುಟ್ಟಿದ ಕಡೆಯಿಂದ ನಮ್ಮ ಮೋರಿ ಸೇರುವವರೆಗಿನ ದಾರಿಯನ್ನು ನೋಡಬೇಕು, ಮತ್ತು ಪರಿಶೀಲಿಸಲು ಸಾಧ್ಯವಿರುವ ಮಾತಿಗೆ ಮಾತ್ರ ಅಂಕ ಕೊಡಬೇಕು ಎಂಬುದು ನನ್ನ ನಿಲುವು.

ಹೆಜ್ಜೆ 1: ಯಾವುದನ್ನು ಹೋಲಿಸಬೇಕೆಂದು ಆರಿಸಿಕೊಳ್ಳಿ

ಅಡುಗೆಮನೆ, ಬಚ್ಚಲು ಮತ್ತು ಬಟ್ಟೆ ಒಗೆಯುವ ಜಾಗದಲ್ಲಿರುವ ಎಲ್ಲ ಡಬ್ಬಿಗಳನ್ನೂ ಒಮ್ಮೆ ಹೊರಗೆ ತೆಗೆದಿಟ್ಟು, ಒಂದು ತಿಂಗಳಲ್ಲಿ ಯಾವುದು ಎಷ್ಟು ಖರ್ಚಾಗುತ್ತದೆ ಎಂದು ಬರೆದುಕೊಳ್ಳಿ. ಹೆಚ್ಚಿನ ಮನೆಗಳಲ್ಲಿ ಬಟ್ಟೆಯ ಪುಡಿ, ಪಾತ್ರೆಯ ಸೋಪು, ನೆಲ ಒರೆಸುವ ದ್ರಾವಣ ಹಾಗೂ ಸಾಕುಪ್ರಾಣಿಯಿದ್ದರೆ ಅದರ ಆಹಾರ, ಇಷ್ಟೇ ಬಹುಪಾಲನ್ನು ಆಕ್ರಮಿಸಿರುತ್ತವೆ. ವರ್ಷಕ್ಕೊಮ್ಮೆ ಕೊಳ್ಳುವ ಹಿತ್ತಾಳೆ ಉಜ್ಜುವ ಪುಡಿಯ ಬಗ್ಗೆ ತಲೆಕೆಡಿಸಿಕೊಳ್ಳುವುದಕ್ಕಿಂತ ದಿನವೂ ಬಳಸುವ ಈ ನಾಲ್ಕರಲ್ಲಿ ಒಂದನ್ನು ಸರಿಯಾಗಿ ಆರಿಸುವುದು ಹೆಚ್ಚು ಫಲ ಕೊಡುತ್ತದೆ. ಈಗಾಗಲೇ ಮನೆಯಲ್ಲಿರುವುದನ್ನು ಬಿಸಾಡಬೇಡಿ. ಮುಗಿಯುವವರೆಗೆ ಬಳಸಿ, ಮುಂದಿನ ಖರೀದಿಗೆ ಹೋಲಿಕೆ ಮಾಡಿ.

ಹೆಜ್ಜೆ 2: ನಿಮಗೆ ಯಾವುದು ಮುಖ್ಯವೆಂದು ಮೊದಲೇ ತೀರ್ಮಾನಿಸಿ

ನೀರಿಗೆ ಸೇರುವ ರಾಸಾಯನಿಕ, ಪ್ರಾಣಿಗಳ ಮೇಲಿನ ಪರಿಣಾಮ, ದುಡಿಯುವವರ ಸ್ಥಿತಿ, ಪೊಟ್ಟಣದ ಗತಿ, ಕಂಪನಿಯ ಪಾರದರ್ಶಕತೆ ಎಂಬ ಐದು ಅಂಶಗಳಿಗೆ ಒಟ್ಟು 100 ಅಂಕಗಳನ್ನು ಹಂಚಿ, ಅಂಗಡಿಗೆ ಹೋಗುವ ಮೊದಲೇ ಕಾಗದದ ಮೇಲೆ ಬರೆದಿಡಿ. ನನ್ನ ಹಂಚಿಕೆ ನೀರಿಗೆ 30, ಪ್ರಾಣಿಗೆ 25, ದುಡಿಯುವವರಿಗೆ 20, ಪೊಟ್ಟಣಕ್ಕೆ 15, ಪಾರದರ್ಶಕತೆಗೆ 10, ನಿಮ್ಮದು ಬೇರೆಯಾಗಿರಬಹುದು. ಮೊದಲೇ ಬರೆದಿಡದಿದ್ದರೆ, ಇಷ್ಟವಾದ ಬಾಟಲಿಗೆ ತಕ್ಕಂತೆ ಅಳತೆಗೋಲೇ ಬದಲಾಗುತ್ತದೆ.

ಹೆಜ್ಜೆ 3: ಒಡೆತನವನ್ನು ಪತ್ತೆಮಾಡಿ

ಪೊಟ್ಟಣದ ಹಿಂಬದಿಯಲ್ಲಿ ತಯಾರಕರ ಹೆಸರು ಮತ್ತು ವಿಳಾಸ ಇರಲೇಬೇಕೆಂಬುದು ಕಾನೂನು. ಸರ್ಫ್ ಎಕ್ಸೆಲ್, ರಿನ್, ವಿಮ್, ಡೊಮೆಕ್ಸ್ ಇವೆಲ್ಲ ಹಿಂದೂಸ್ತಾನ್ ಯೂನಿಲಿವರ್‌ನವು. ಹಾರ್ಪಿಕ್ ಮತ್ತು ಲೈಜಾಲ್ ರೆಕಿಟ್‌ನವು. ಉಜಾಲಾ ಮತ್ತು ಎಕ್ಸೋ ಜ್ಯೋತಿ ಲ್ಯಾಬ್ಸ್‌ನವು. ಪೆಡಿಗ್ರಿ, ವಿಸ್ಕಸ್, ರಾಯಲ್ ಕ್ಯಾನಿನ್ ಮೂರೂ ಮಾರ್ಸ್ ಕಂಪನಿಯವು. ಹಾಗಾಗಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಬದಲಾದೆವೆಂದು ನಾವು ಭಾವಿಸಿದಾಗಲೂ ಹಣ ಅದೇ ಮನೆಗೆ ಹೋಗುತ್ತಿರಬಹುದು. ಸಣ್ಣ ‘ನೈಸರ್ಗಿಕ’ ಬ್ರಾಂಡ್‌ಗಳ ವಿಷಯದಲ್ಲಿ ‘ಮಾರಾಟಗಾರರು’ ಮತ್ತು ‘ತಯಾರಕರು’ ಎಂಬ ಎರಡು ಸಾಲುಗಳನ್ನು ಬೇರೆಯಾಗಿ ಓದಿ. ಎರಡರಲ್ಲೂ ಬೇರೆ ಬೇರೆ ಹೆಸರಿದ್ದರೆ ಸರಕು ಗುತ್ತಿಗೆ ಕಾರ್ಖಾನೆಯಲ್ಲಿ ತಯಾರಾಗಿದೆ ಎಂದರ್ಥ. ಅದು ತಪ್ಪೇನಲ್ಲ, ಆದರೆ ಕಾರ್ಮಿಕರ ಕುರಿತ ನಿಮ್ಮ ಪ್ರಶ್ನೆ ಆ ಕಾರ್ಖಾನೆಯ ಬಗ್ಗೆ ಇರಬೇಕಾಗುತ್ತದೆ.

ಮೂಲ ಕಂಪನಿ ಭಾರತದ ಷೇರುಪೇಟೆಯಲ್ಲಿದ್ದು ಮೊದಲ ಸಾವಿರ ಕಂಪನಿಗಳ ಸಾಲಿನಲ್ಲಿದ್ದರೆ ನಿಮಗೆ ಒಂದು ಅನುಕೂಲವಿದೆ. 2022–23ರ ಆರ್ಥಿಕ ವರ್ಷದಿಂದ ಇಂಥ ಕಂಪನಿಗಳು ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಸಲ್ಲಿಸುವುದನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಡ್ಡಾಯ ಮಾಡಿದೆ. ಬಿಆರ್‌ಎಸ್‌ಆರ್ ಎಂದು ಕರೆಯುವ ಈ ವರದಿ ಕಂಪನಿಯ ಜಾಲತಾಣದಲ್ಲಿ, ವಾರ್ಷಿಕ ವರದಿಯ ಭಾಗವಾಗಿ ಸಿಗುತ್ತದೆ. ಮುನ್ನುಡಿಯ ಮಾತುಗಳನ್ನು ಬಿಟ್ಟು ನೇರವಾಗಿ ಕೋಷ್ಟಕಗಳಿಗೆ ಹೋಗಿ, ಬಳಸಿದ ನೀರು, ಉಂಟಾದ ತ್ಯಾಜ್ಯ, ಗುತ್ತಿಗೆ ಕಾರ್ಮಿಕರ ಪ್ರಮಾಣ, ಕಾರ್ಖಾನೆಯ ಅಪಘಾತಗಳು, ಬಾಕಿ ಉಳಿದ ದೂರುಗಳು ಇವುಗಳ ಎರಡು ವರ್ಷದ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ.

ಹೆಜ್ಜೆ 4: ಮುದ್ರೆ ಮತ್ತು ಮಾತನ್ನು ಬೇರ್ಪಡಿಸಿ

ಪೊಟ್ಟಣದ ಮೇಲಿನ ಹೇಳಿಕೆಗಳಲ್ಲಿ ಹೊರಗಿನ ಸಂಸ್ಥೆಯೊಂದು ಪರೀಕ್ಷಿಸಿ ಕೊಟ್ಟ ಮುದ್ರೆಗಳೂ ಇರುತ್ತವೆ, ಕಂಪನಿ ತಾನೇ ಬರೆದುಕೊಂಡ ಮಾತುಗಳೂ ಇರುತ್ತವೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ‘ಗ್ರೀನ್’, ‘ಇಕೋ ಫ್ರೆಂಡ್ಲಿ’, ‘ಸಸ್ಟೈನಬಲ್’, ‘ಕ್ರೂಯಲ್ಟಿ ಫ್ರೀ’ ಮುಂತಾದ ಸಾಮಾನ್ಯ ಪದಗಳನ್ನು ತಕ್ಕ ವಿವರಣೆ ಮತ್ತು ಪುರಾವೆ ಇಲ್ಲದೆ ಬಳಸುವಂತಿಲ್ಲ, ಮತ್ತು ಆ ಮಾತು ಇಡೀ ಉತ್ಪನ್ನಕ್ಕೆ ಸಂಬಂಧಿಸಿದ್ದೋ ಅಥವಾ ಬರೀ ಪೊಟ್ಟಣಕ್ಕೋ ಎಂಬುದನ್ನು ಸ್ಪಷ್ಟಪಡಿಸಬೇಕು. ಪುರಾವೆಯನ್ನು ಕ್ಯೂಆರ್ ಕೋಡ್ ಅಥವಾ ಜಾಲತಾಣದ ವಿಳಾಸದ ಮೂಲಕ ಕೊಡಬಹುದು. ಆದ್ದರಿಂದ ಅಂಗಡಿಯಲ್ಲೇ ಫೋನ್ ತೆಗೆದು ಕೋಡ್ ಸ್ಕ್ಯಾನ್ ಮಾಡಿ. ಪರೀಕ್ಷಾ ವರದಿಯೋ ಪ್ರಮಾಣಪತ್ರವೋ ತೆರೆದುಕೊಂಡರೆ ಅಂಕ ಕೊಡಿ, ಜಾಹೀರಾತು ಪುಟ ತೆರೆದುಕೊಂಡರೆ ಕೊಡಬೇಡಿ.

ಮುದ್ರೆಗಳಲ್ಲಿ ಮಡಕೆಯ ಚಿತ್ರವಿರುವ ಇಕೋಮಾರ್ಕ್ ನಮ್ಮ ಸರ್ಕಾರದ್ದು. 1991ರಲ್ಲಿ ಆರಂಭವಾದ ಈ ಯೋಜನೆಗೆ 2024ರಲ್ಲಿ ಹೊಸ ನಿಯಮಗಳು ಬಂದಿವೆ. ಪ್ರಾಣಿಗಳ ಮೇಲೆ ಪರೀಕ್ಷೆ ನಡೆಸಿಲ್ಲ ಎಂಬುದಕ್ಕೆ ಜಿಗಿಯುವ ಮೊಲದ ಲೀಪಿಂಗ್ ಬನ್ನಿ ಮುದ್ರೆಯನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಅದು ಕಚ್ಚಾವಸ್ತು ಪೂರೈಸುವವರನ್ನೂ ಒಳಗೊಳ್ಳುತ್ತದೆ ಮತ್ತು ಮನೆ ಶುಚಿಗೊಳಿಸುವ ಉತ್ಪನ್ನಗಳಿಗೂ ದೊರೆಯುತ್ತದೆ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲೇ ನಿಷೇಧಿಸಿದೆಯಾದರೂ ಆ ನಿಷೇಧದ ವ್ಯಾಪ್ತಿಗೆ ನೆಲ ಒರೆಸುವ ದ್ರಾವಣ, ಬಟ್ಟೆಯ ಪುಡಿಗಳು ಬರುವುದಿಲ್ಲ. ‘ಭಾರತದಲ್ಲಿ ಹೇಗೂ ನಿಷೇಧವಿದೆಯಲ್ಲ’ ಎಂಬ ಮಾರಾಟಗಾರರ ಸಮಾಧಾನವನ್ನು ಈ ಸರಕುಗಳಿಗೆ ಒಪ್ಪಬೇಡಿ.

ಸೋಪುಗಳ ಬಹುಪಾಲು ತಾಳೆ ಎಣ್ಣೆಯ ಮೇಲೆ ನಿಂತಿದೆ. ಲೇಬಲ್‌ನಲ್ಲಿ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನೆಲೇಟ್ ಎಂದಿದ್ದರೆ ಅದು ತಾಳೆಯೇ. ಸುಸ್ಥಿರ ತಾಳೆ ಎಣ್ಣೆಗೆ ಪ್ರಮಾಣಪತ್ರದ ವ್ಯವಸ್ಥೆ ನಡೆಸುವ, 2004ರಲ್ಲಿ ಸ್ಥಾಪನೆಯಾದ ಆರ್‌ಎಸ್‌ಪಿಒ ಸಂಸ್ಥೆಯ ಮುದ್ರೆಯಿದ್ದರೆ ಅದರ ಕೆಳಗಿನ ಸಣ್ಣ ಅಕ್ಷರಗಳನ್ನೂ ಓದಿ. ‘ಮಿಕ್ಸ್ಡ್’ ಎಂದಿದ್ದರೆ ಪ್ರಮಾಣಿತ ತೋಟದ ಎಣ್ಣೆಯೊಡನೆ ಸಾಮಾನ್ಯ ಎಣ್ಣೆಯೂ ಬೆರೆತಿದೆ ಎಂದರ್ಥ. ತಾಳೆ ತೋಟಗಳ ಪ್ರಶ್ನೆ ಕಾಡಿನದು ಮಾತ್ರವಲ್ಲ. 2020ರಲ್ಲಿ ಅಮೆರಿಕದ ಕಸ್ಟಮ್ಸ್ ಇಲಾಖೆ ಮಲೇಷ್ಯಾದ ಎರಡು ದೊಡ್ಡ ಕಂಪನಿಗಳ ತಾಳೆ ಎಣ್ಣೆಯನ್ನು ಬಲವಂತದ ದುಡಿಮೆಯ ಕುರುಹುಗಳ ಕಾರಣಕ್ಕೆ ತಡೆಹಿಡಿದಿತ್ತು. ತಾಳೆ ಎಣ್ಣೆ ಎಲ್ಲಿಂದ ಬಂತು ಎಂದು ಹೇಳದ ಸೋಪಿಗೆ ‘ದುಡಿಯುವವರು’ ಎಂಬ ಅಂಶದಲ್ಲಿ ನಾನು ಅರ್ಧಕ್ಕಿಂತ ಹೆಚ್ಚು ಅಂಕ ಕೊಡುವುದಿಲ್ಲ.

ಹೆಜ್ಜೆ 5: ನೀರಿನ ಲೆಕ್ಕ ಹಾಕಿ

ಬೆಂಗಳೂರಿನವರಿಗೆ ಇದೇ ಅತಿ ಮುಖ್ಯವಾದ ಹೆಜ್ಜೆ ಎಂದು ನಾನು ತಿಳಿದಿದ್ದೇನೆ. ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿಬಂದದ್ದನ್ನು ನಾವೆಲ್ಲ ನೋಡಿದ್ದೇವೆ. ಕೊಳಚೆ ನೀರಿನಲ್ಲಿ ಕೊಳೆಯದೆ ಉಳಿದ ಸರ್ಫ್ಯಾಕ್ಟಂಟ್, ಅಂದರೆ ಸೋಪಿನ ಪುಡಿ ಮತ್ತು ದ್ರವಗಳಲ್ಲಿ ಜಿಡ್ಡನ್ನು ಬಿಡಿಸುವ ಅಂಶವೇ, ಆ ನೊರೆಗೆ ಮುಖ್ಯ ಕಾರಣವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಈ ನೀರು ನಗರದೊಳಗೇ ನಿಲ್ಲುವುದೂ ಇಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ನಮ್ಮ ಬಟ್ಟೆಯ ಪುಡಿಯಲ್ಲಿ ಏನಿದೆ ಎಂಬುದು ಕೋಲಾರದ ರೈತರಿಗೂ ಸಂಬಂಧಿಸಿದ ವಿಷಯವಾಗಿರುವುದು ಹೀಗೆ.

ಫಾಸ್ಫೇಟ್ ಇರುವ ಪುಡಿಯನ್ನು ಮೊದಲೇ ಕೈಬಿಡಿ. ಸೋಡಿಯಂ ಟ್ರೈಪಾಲಿಫಾಸ್ಫೇಟ್ ಅಥವಾ ಎಸ್‌ಟಿಪಿಪಿ ಎಂಬ ಹೆಸರಿನಲ್ಲಿ ಅದು ಇರುತ್ತದೆ. ಕೆರೆಗೆ ಸೇರಿದ ಫಾಸ್ಫೇಟ್ ಪಾಚಿಗೂ ಅಂತರಗಂಗೆಗೂ ಗೊಬ್ಬರವಾಗಿ, ಅವು ಕೊಳೆಯುವಾಗ ನೀರಿನ ಆಮ್ಲಜನಕ ಬರಿದಾಗಿ ಮೀನುಗಳು ಸಾಯುತ್ತವೆ. ಇದರ ಬದಲು ಜಿಯೋಲೈಟ್ ಅಥವಾ ಸಿಟ್ರೇಟ್ ಬಳಸಿದ ಪುಡಿಗಳಿವೆ. ಲೇಬಲ್‌ನಲ್ಲಿ ಪದಾರ್ಥಗಳ ಪಟ್ಟಿಯೇ ಇಲ್ಲದಿದ್ದರೆ, ಮತ್ತು ಬಟ್ಟೆಯ ಪುಡಿಗಳಲ್ಲಿ ಇದು ಸಾಮಾನ್ಯ, ಕಂಪನಿಯ ಜಾಲತಾಣದಲ್ಲಿ ಹುಡುಕಿ. ಅಲ್ಲಿಯೂ ಇಲ್ಲವಾದರೆ ಪಾರದರ್ಶಕತೆಗೆ ಸೊನ್ನೆ.

ಇನ್ನು ನಿಮ್ಮ ಮನೆಗೆ ಯಾವ ನೀರು ಬರುತ್ತದೆ ಎಂಬುದನ್ನು ಗಮನಿಸಿ, ಏಕೆಂದರೆ ಇದನ್ನು ಬಿಟ್ಟರೆ ಹೋಲಿಕೆ ದಿಕ್ಕು ತಪ್ಪುತ್ತದೆ. ಕಾವೇರಿ ನೀರಿಗೆ ಹೋಲಿಸಿದರೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಸಾಮಾನ್ಯವಾಗಿ ಗಡಸು. ಗಡಸು ನೀರಿನಲ್ಲಿ ಎಣ್ಣೆಯಿಂದ ಮಾಡಿದ ಸಾಂಪ್ರದಾಯಿಕ ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿಯ ಮಡ್ಡಿಯಾಗುತ್ತದೆ, ಅಂಟುವಾಳದ ಕಾಯಿಯೂ ಮಂಕಾಗಿ ಕೆಲಸ ಮಾಡುತ್ತದೆ, ಹೀಗಾಗಿ ಬಟ್ಟೆ ಸ್ವಚ್ಛವಾಗಲಿಲ್ಲವೆಂದು ಜನ ಎರಡು ಪಟ್ಟು ಸುರಿಯುತ್ತಾರೆ. ಅಂಥ ಮನೆಯಲ್ಲಿ ‘ನೈಸರ್ಗಿಕ ಸೋಪು’ ತಾನಾಗಿಯೇ ಮೇಲೆಂದು ಹೇಳಲಾಗದು. ಫಾಸ್ಫೇಟ್ ಇಲ್ಲದ, ಗಡಸು ನೀರಿಗೆ ಹೊಂದುವ ಪುಡಿಯನ್ನು ಅಳತೆ ಚಮಚದಲ್ಲೇ ಹಾಕುವುದು ಕೆರೆಗೆ ಹೆಚ್ಚು ಹಿತ.

ಅಳತೆಯ ವಿಷಯ ಬಂದಾಗ ಬೆಲೆಯನ್ನೂ ಪರಿಣಾಮವನ್ನೂ ಲೀಟರಿನ ಲೆಕ್ಕದಲ್ಲಿ ನೋಡಬೇಡಿ, ಒಂದು ಬಳಕೆಯ ಲೆಕ್ಕದಲ್ಲಿ ನೋಡಿ. ಉದಾಹರಣೆಗೆ ಅರ್ಧ ಲೀಟರಿಗೆ 120 ರೂಪಾಯಿಯ ಗಟ್ಟಿ ದ್ರವ ಒಮ್ಮೆಗೆ 5 ಮಿಲಿಲೀಟರ್ ಸಾಕಾದರೆ ನೂರು ಬಳಕೆ, ಪ್ರತಿ ಬಳಕೆಗೆ 1.20 ರೂಪಾಯಿ. ಒಂದು ಲೀಟರಿಗೆ 150 ರೂಪಾಯಿಯ ತೆಳು ದ್ರವ ಒಮ್ಮೆಗೆ 10 ಮಿಲಿಲೀಟರ್ ಬೇಕಾದರೆ ಅದೇ ನೂರು ಬಳಕೆಗೆ 1.50 ರೂಪಾಯಿ. ಅಗ್ಗವೆಂದು ಕಂಡದ್ದು ದುಬಾರಿಯಾಯಿತು, ಜೊತೆಗೆ ಅರ್ಧ ಲೀಟರ್ ನೀರನ್ನು ಲಾರಿಯಲ್ಲಿ ಸುಮ್ಮನೆ ಸಾಗಿಸಿದಂತಾಯಿತು.

ದೊಡ್ಡ ಅಪಾರ್ಟ್‌ಮೆಂಟಿನಲ್ಲಿದ್ದರೆ ಅಲ್ಲಿನ ಎಸ್‌ಟಿಪಿ, ಅಂದರೆ ಕೊಳಚೆ ನೀರು ಸಂಸ್ಕರಣಾ ಘಟಕ ನೋಡಿಕೊಳ್ಳುವವರೊಂದಿಗೆ ಒಮ್ಮೆ ಮಾತಾಡಿ. ಅಲ್ಲಿ ಕೊಳಚೆಯನ್ನು ಕರಗಿಸುವುದು ಬ್ಯಾಕ್ಟೀರಿಯಾಗಳು. ಮನೆಮನೆಯಿಂದ ಬ್ಲೀಚ್ ಮತ್ತು ಫಿನಾಯಿಲ್ ಧಾರಾಳವಾಗಿ ಹರಿದುಬಂದರೆ ಅವು ಸಾಯುತ್ತವೆ. ನಿತ್ಯ ನೆಲ ಒರೆಸಲು ಕೀಟಾಣುನಾಶಕ ಅಗತ್ಯವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಹೆಜ್ಜೆ 6: ಪ್ರಾಣಿಯಿರುವ ಮನೆಗೆ ಬೇರೆಯೇ ಜರಡಿ ಬೇಕು

ನೆಲ ಒರೆಸಿ ಹತ್ತು ನಿಮಿಷವಾಗಿಲ್ಲ, ಬೆಕ್ಕು ಆ ಒದ್ದೆ ನೆಲದ ಮೇಲೆ ನಡೆದು, ಕಿಟಕಿಯ ಕಟ್ಟೆಯೇರಿ ಕುಳಿತು, ಒಂದೊಂದೇ ಪಂಜವನ್ನು ಬೆರಳ ಸಂದುಗಳ ಸಹಿತ ನೆಕ್ಕಿ ಶುಚಿಮಾಡಿಕೊಳ್ಳುತ್ತದೆ. ನೆಲದ ಮೇಲೆ ಏನಿತ್ತೋ ಅದೆಲ್ಲ ಅದರ ಹೊಟ್ಟೆಗೆ ಹೋಯಿತು. ಫಿನಾಲ್ ಕುಟುಂಬದ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಆದ್ದರಿಂದ ನಮ್ಮ ಮನೆಗಳ ಕಪ್ಪು ಫಿನಾಯಿಲ್ ಬೆಕ್ಕಿಗೆ ವಿಷವೇ ಸರಿ. ಅನೇಕ ದ್ರಾವಣಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಕೀಟಾಣುನಾಶಕ ಬೆಕ್ಕಿನ ಬಾಯಲ್ಲಿ ಹುಣ್ಣು ಮಾಡುತ್ತದೆ. ಅದನ್ನು ಬಳಸಲೇಬೇಕಾದರೆ ಹೇಳಿದಷ್ಟೇ ನೀರು ಬೆರೆಸಿ, ಒರೆಸಿ, ನೆಲ ಪೂರ್ತಿ ಒಣಗಿದ ಮೇಲೆ ಬಾಗಿಲು ತೆರೆಯಿರಿ.

‘ನೈಸರ್ಗಿಕ’ ಎಂದಾಕ್ಷಣ ಇಲ್ಲಿಯೂ ನಿರಾಳವಾಗಬೇಡಿ. ಟೀ ಟ್ರೀ ಎಣ್ಣೆ ನಾಯಿ, ಬೆಕ್ಕು ಎರಡಕ್ಕೂ ಅಪಾಯಕಾರಿ. ಪೈನ್ ಎಣ್ಣೆ ಮತ್ತು ಕಿತ್ತಳೆ, ನಿಂಬೆ ಸಿಪ್ಪೆಯ ಗಟ್ಟಿ ಸಾರ ಬೆಕ್ಕಿಗೆ ಒಗ್ಗದು. ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಬೆಲ್ಲ ಒಂದು ಪಾಲು, ಸಿಪ್ಪೆ ಮೂರು ಪಾಲು, ನೀರು ಹತ್ತು ಪಾಲು ಸೇರಿಸಿ ಮೂರು ತಿಂಗಳು ಕಳಿಯಿಸಿ ಬಯೋ ಎಂಜೈಮ್ ಮಾಡುತ್ತಾರೆ. ಅದು ಒಳ್ಳೆಯ ಅಭ್ಯಾಸ, ಆದರೆ ಬೆಕ್ಕಿರುವ ಮನೆಯಲ್ಲಿ ತುಂಬಾ ತೆಳುಮಾಡಿ ಬಳಸಬೇಕು, ಮತ್ತು ಯಾವುದೇ ಮನೆಯಲ್ಲಿ ಅದನ್ನು ಬ್ಲೀಚ್ ಜೊತೆ ಬೆರೆಸಬಾರದು. ಬಟ್ಟೆ ಬೀರುವಿನ ನುಸಿಗುಳಿಗೆಯನ್ನು ನಾಯಿಗೆ ಎಟುಕದಂತೆ ಇಡಿ. ನಾಯಿಗೆಂದು ತಂದ, ಪರ್ಮೆಥ್ರಿನ್ ಇರುವ ಉಣ್ಣಿ ಔಷಧವನ್ನು ಬೆಕ್ಕಿಗೆ ಎಂದಿಗೂ ಹಚ್ಚಬೇಡಿ. ಅದು ಪ್ರಾಣ ತೆಗೆಯುತ್ತದೆ. ಉಣ್ಣಿಗೆ ಬಳಸುವ ಫಿಪ್ರೊನಿಲ್, ಇಮಿಡಾಕ್ಲೋಪ್ರಿಡ್‌ಗಳು ಇಂಗ್ಲೆಂಡಿನ ನದಿಗಳಲ್ಲಿ ವ್ಯಾಪಕವಾಗಿ ಪತ್ತೆಯಾಗಿವೆ, ನೀರಿನ ಕೀಟಗಳಿಗೆ ಅವು ಮಾರಕ. ಹಾಗೆಂದು ಉಣ್ಣಿಜ್ವರ ಸಾಮಾನ್ಯವಾಗಿರುವ ನಮ್ಮ ಊರಿನಲ್ಲಿ ಔಷಧ ಬಿಡಲಾಗದು. ಪಶುವೈದ್ಯರು ಹೇಳಿದ ಅಂತರದಲ್ಲಿ ಹಚ್ಚಿ, ಹಚ್ಚಿದ ಕೂಡಲೇ ಸ್ನಾನ ಮಾಡಿಸದಿರಿ.

ಹೆಜ್ಜೆ 7: ಆಹಾರ ಮತ್ತು ಕಸದ ಮಣ್ಣು

2006ರ ಆಹಾರ ಸುರಕ್ಷತಾ ಕಾಯಿದೆಯ ‘ಆಹಾರ’ ಎಂಬ ವ್ಯಾಖ್ಯೆಯಿಂದ ಪಶು ಆಹಾರವನ್ನು ಹೊರಗಿಡಲಾಗಿದೆ. ಆದ್ದರಿಂದ ನಾಯಿಯ ಪೊಟ್ಟಣವನ್ನು ನಾವು ತಿನ್ನುವ ಬಿಸ್ಕತ್ತಿನ ಪೊಟ್ಟಣದಂತೆ ನಂಬಲಾಗದು, ಹೆಚ್ಚು ಗಮನವಿಟ್ಟು ಓದಬೇಕು. ನಾಯಿ ಮತ್ತು ಬೆಕ್ಕಿನ ಆಹಾರಕ್ಕೆ ಐಎಸ್ 11968 ಎಂಬ ಭಾರತೀಯ ಮಾನಕವಿದೆ. ಅದರ ಉಲ್ಲೇಖವಿದ್ದರೆ ಒಳ್ಳೆಯದು. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘವಾದ ಎಎಎಫ್‌ಸಿಒ ಹೆಸರು ಕಂಡರೆ, ಆ ಸಂಸ್ಥೆ ಯಾವ ಆಹಾರಕ್ಕೂ ಮಂಜೂರಾತಿ ಕೊಡುವುದಿಲ್ಲ, ಪೋಷಕಾಂಶದ ಮಟ್ಟಗಳನ್ನು ಮಾತ್ರ ನಿಗದಿಪಡಿಸುತ್ತದೆ ಎಂಬುದು ನೆನಪಿರಲಿ.

ಒಣ ಆಹಾರವನ್ನೂ ಹಸಿ ಆಹಾರವನ್ನೂ ಹೋಲಿಸುವಾಗ ತೇವಾಂಶವನ್ನು ಕಳೆಯಿರಿ. ಒಣ ಆಹಾರದಲ್ಲಿ ಪ್ರೋಟೀನ್ ಶೇ 24, ತೇವಾಂಶ ಶೇ 10 ಇದ್ದರೆ ಒಣ ಅಂಶದಲ್ಲಿ ಪ್ರೋಟೀನ್ ಸುಮಾರು ಶೇ 27; ಹಸಿ ಆಹಾರದಲ್ಲಿ ಪ್ರೋಟೀನ್ ಶೇ 8, ತೇವಾಂಶ ಶೇ 82 ಇದ್ದರೆ ಸುಮಾರು ಶೇ 44. ಮಾಂಸದ ವಿಷಯದಲ್ಲಿ ನನ್ನ ತೂಕ ಜಾಹೀರಾತಿಗೆ ತದ್ವಿರುದ್ಧ. ‘ಮನುಷ್ಯರು ತಿನ್ನುವ ದರ್ಜೆಯ ಮಾಂಸ’ ಎಂಬುದಕ್ಕಿಂತ, ನಾವು ತಿನ್ನದೆ ಉಳಿಸುವ ಯಕೃತ್ತು, ಗುಂಡಿಗೆ, ಶ್ವಾಸಕೋಶಗಳನ್ನು ಬಳಸಿದ ಆಹಾರಕ್ಕೆ ಹೆಚ್ಚುವರಿ ಪ್ರಾಣಿಗಳನ್ನು ಕೊಲ್ಲಬೇಕಾಗುವುದಿಲ್ಲ. ಯಾವ ಪ್ರಾಣಿಯದ್ದು ಎಂದು ಹೆಸರಿಸಿದ್ದರೆ ಸಾಕು. ಬೆಕ್ಕು ಮಾಂಸಾಹಾರಿಯೇ, ಅದಕ್ಕೆ ಮಾಂಸದಲ್ಲಿ ಸಿಗುವ ಟಾರಿನ್ ಎಂಬ ಪೋಷಕಾಂಶ ಬೇಕೇ ಬೇಕು. ನಮ್ಮ ಸಸ್ಯಾಹಾರದ ನೇಮವನ್ನು ಅದರ ಮೇಲೆ ಹೇರುವುದು ನೀತಿಯಲ್ಲ. ನಾಯಿ ಹಾಗಲ್ಲ, ರಾಗಿ, ಅನ್ನ, ಮೊಟ್ಟೆಗಳನ್ನೂ ಅರಗಿಸಿಕೊಳ್ಳುತ್ತದೆ. ಮನೆಯ ಊಟ ಕೊಡುವುದಾದರೆ ಪಶುವೈದ್ಯರಿಂದ ಪ್ರಮಾಣ ಬರೆಸಿಕೊಳ್ಳಿ.

ಮೀನಿನ ಆಹಾರವಾದರೆ ತಯಾರಾದ ದೇಶವನ್ನು ನೋಡಿ. ಇಲ್ಲಿ ಮಾರಾಟವಾಗುವ ಬೆಕ್ಕಿನ ಹಸಿ ಆಹಾರದ ಹಲವು ಪೊಟ್ಟಣಗಳ ಮೇಲೆ ಥೈಲ್ಯಾಂಡ್ ಎಂದಿರುತ್ತದೆ. ಆ ದೇಶದ ಮೀನುಗಾರಿಕೆ ದೋಣಿಗಳಲ್ಲಿನ ಜೀತದ ದುಡಿಮೆ 2014–15ರಲ್ಲಿ ಬಯಲಿಗೆ ಬಂದಿತ್ತು. ಸುಸ್ಥಿರ ಮೀನುಗಾರಿಕೆಗೆ ಕೊಡುವ ನೀಲಿ ಬಣ್ಣದ ಎಂಎಸ್‌ಸಿ ಮುದ್ರೆ ಇದ್ದರೆ ಕಡಲಿನ ಮೀನು ಎಲ್ಲಿಂದ ಬಂತೆಂಬುದಕ್ಕೆ ಒಂದು ಜಾಡಾದರೂ ಇರುತ್ತದೆ.

ಬೆಕ್ಕಿನ ಮಲಕ್ಕೆ ಬಳಸುವ, ಗಂಟುಕಟ್ಟುವ ಮಣ್ಣು ಬೆಂಟೊನೈಟ್; ನೆಲದ ಮೇಲ್ಪದರವನ್ನು ಅಗೆದು ತೆಗೆಯುವ ಗಣಿಯ ಸರಕು. ಅದು ಕೊಳೆಯುವುದಿಲ್ಲ, ತಿರಸ್ಕೃತ ಕಸವಾಗಿ ನೇರ ಭೂಭರ್ತಿಗೆ ಹೋಗುತ್ತದೆ. ಮರದ ಹೊಟ್ಟಿನ ಅಥವಾ ತೋಫು ತ್ಯಾಜ್ಯದ ಗುಳಿಗೆಗಳು ಈ ದೃಷ್ಟಿಯಿಂದ ಮೇಲು. ಆದರೂ ಬೆಕ್ಕಿನ ಮಲ ಬೆರೆತ ಯಾವುದನ್ನೂ ಹಸಿ ಕಸದ ಬುಟ್ಟಿಗೆ ಅಥವಾ ತರಕಾರಿ ಗಿಡದ ಗೊಬ್ಬರಕ್ಕೆ ಸೇರಿಸಬೇಡಿ.

ಹೆಜ್ಜೆ 8: ಪೊಟ್ಟಣದ ಗತಿಯನ್ನು ಗುಜರಿ ಅಂಗಡಿಯಲ್ಲಿ ತಿಳಿಯಿರಿ

ರೀಫಿಲ್ ಪೌಚ್ ಕೊಂಡರೆ ಪ್ಲಾಸ್ಟಿಕ್ ಕಡಿಮೆ ಎಂದು ಕಂಪನಿಗಳು ಹೇಳುತ್ತವೆ; ತೂಕದಲ್ಲಿ ಅದು ನಿಜ. ಖಾಲಿ ಬಾಟಲಿ ಮತ್ತು ಖಾಲಿ ಪೌಚ್ ಎರಡನ್ನೂ ಬಡಾವಣೆಯ ಗುಜರಿ ಅಂಗಡಿಗೆ ಕೊಂಡೊಯ್ದು ನೋಡಿ. ಅಂಗಡಿಯವರು ಬಾಟಲಿಯನ್ನು ಹೆಬ್ಬೆರಳಿನಿಂದ ಒತ್ತಿ, ಪ್ಲಾಸ್ಟಿಕ್‌ನ ಬಗೆಯನ್ನು ಸೂಚಿಸುವ, ತಳದ ತ್ರಿಕೋನದಲ್ಲಿರುವ 2 ಎಂಬ ಅಂಕಿ ನೋಡಿ, ತಕ್ಕಡಿಯ ಕಡೆಗೆ ಎಸೆಯುತ್ತಾರೆ. ಪೌಚನ್ನು ಮುಟ್ಟಿ ನೋಡಿ ನಿಮ್ಮ ಕೈಗೇ ಮರಳಿಸುತ್ತಾರೆ. ಹಲವು ಪದರಗಳನ್ನು ಬೆಸೆದ ಆ ಪೌಚನ್ನು ಬಿಡಿಸಿ ಕರಗಿಸಲು ಬಾರದು; ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ಹೋದರೂ ಅಲ್ಲಿಂದ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಇಂಧನವಾಗುವುದೇ ಅದರ ಸಾಮಾನ್ಯ ಗತಿ. ನಾಯಿ ಆಹಾರದ ಹೊಳೆಯುವ ಚೀಲಗಳದ್ದೂ ಇದೇ ಕಥೆ. ನನ್ನ ಕ್ರಮಾಂಕದಲ್ಲಿ ನಿಮ್ಮದೇ ಡಬ್ಬಿಗೆ ಅಳೆದು ತುಂಬಿಸುವ ಅಂಗಡಿ ಮೊದಲು, ಕಾಗದದ ಪೊಟ್ಟಣದ ಪುಡಿ ಅಥವಾ ಬಿಲ್ಲೆ ಎರಡನೆಯದು, 1, 2 ಅಥವಾ 5 ಅಂಕಿಯ ಗಟ್ಟಿ ಡಬ್ಬಿ ಮೂರನೆಯದು, ಬಹುಪದರದ ಪೌಚ್ ಕೊನೆಯದು. ನಾಯಿಯ ಮಲ ಎತ್ತುವ ಚೀಲಗಳಲ್ಲಿ ‘ಬಯೋಡಿಗ್ರೇಡಬಲ್’ ಎಂಬ ಮಾತಿಗೆ ಬೆಲೆ ಕೊಡದೆ ಗೊಬ್ಬರವಾಗಬಲ್ಲ ಪ್ಲಾಸ್ಟಿಕ್‌ಗೆ ಇರುವ ಐಎಸ್/ಐಎಸ್‌ಒ 17088 ಎಂಬ ಮಾನಕದ ಸಂಖ್ಯೆ ಹುಡುಕಿ.

ಕಸ ಬೇರ್ಪಡಿಸುವಾಗ ಉಳಿದ ದ್ರಾವಣವನ್ನು ತೊಳೆದು ಕೊಡುವುದು ಪೌರಕಾರ್ಮಿಕರಿಗೂ ಕಸ ಆಯುವವರಿಗೂ ನಾವು ಸಲ್ಲಿಸಬೇಕಾದ ಕನಿಷ್ಠ ಗೌರವ. ಮನೆಗೆಲಸಕ್ಕೆ ಬರುವವರನ್ನೂ ಈ ಲೆಕ್ಕದಲ್ಲಿ ಮರೆಯಬೇಡಿ. ಪಾತ್ರೆಯ ದ್ರವವನ್ನು ದಿನಕ್ಕೆ ನಾಲ್ಕೈದು ಮನೆಗಳಲ್ಲಿ ಮುಟ್ಟುವ ಕೈ ಅವರದ್ದು. ಮೀಥೈಲ್ ಐಸೋಥಯಾಜೋಲಿನೋನ್ ಎಂಬ ಸಂರಕ್ಷಕಕ್ಕೆ ಹಲವರ ಚರ್ಮ ಒಡೆದು ತುರಿಸುತ್ತದೆ. ಶೌಚಾಲಯದ ಆಮ್ಲ ಮತ್ತು ಬ್ಲೀಚ್ ಒಟ್ಟಿಗೆ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ ಎಂಬುದನ್ನು ಅವರಿಗೆ ತಿಳಿಸಿ ಹೇಳಿ, ಎರಡನ್ನೂ ಒಂದೇ ಮನೆಯಲ್ಲಿ ಇಡದಿರುವುದು ಇನ್ನೂ ಉತ್ತಮ. ಹೊಸ ದ್ರವ ತಂದಾಗ ಒಂದು ವಾರ ಬಳಸಿದ ಮೇಲೆ ಕೈಗೆ ಹೇಗಿದೆ ಎಂದು ಅವರನ್ನೇ ಕೇಳಿ, ಆ ಉತ್ತರಕ್ಕೆ ‘ದುಡಿಯುವವರು’ ಎಂಬ ಅಂಶದಲ್ಲಿ ಅಂಕ ಇಡಿ.

ಹೆಜ್ಜೆ 9: ಅಂಕ ಹಾಕಿ, ಕಂಪನಿಗೆ ಬರೆಯಿರಿ

ಎರಡು ಅಥವಾ ಮೂರು ಉತ್ಪನ್ನಗಳನ್ನು ಮಾತ್ರ ಒಮ್ಮೆಗೆ ಹೋಲಿಸಿ. ಪುರಾವೆ ಸಿಕ್ಕಿದ್ದಕ್ಕೆ ಪೂರ್ಣ ಅಂಕ, ಭಾಗಶಃ ಸಿಕ್ಕಿದ್ದಕ್ಕೆ ಅರ್ಧ, ಸಿಗದಿದ್ದರೆ ಸೊನ್ನೆ. ಬೆಕ್ಕಿರುವ ಮನೆಯಲ್ಲಿ ಫಿನಾಲ್ ಇರುವ ದ್ರಾವಣಕ್ಕೆ ಉಳಿದ ಅಂಶಗಳಲ್ಲಿ ಎಷ್ಟೇ ಅಂಕ ಬಂದರೂ ಅದನ್ನು ಹೋಲಿಕೆಯಿಂದಲೇ ತೆಗೆದುಹಾಕಿ. ಎರಡರ ನಡುವಿನ ಅಂತರ ಹತ್ತು ಅಂಕಕ್ಕಿಂತ ಕಡಿಮೆಯಿದ್ದರೆ ಎರಡೂ ಸಮವೆಂದೇ ತಿಳಿದು, ಒಂದು ಬಳಕೆಗೆ ಕಡಿಮೆ ಖರ್ಚಾಗುವುದನ್ನು ಆರಿಸಿ. ನಮ್ಮ ಅಳತೆ ಅದಕ್ಕಿಂತ ಸೂಕ್ಷ್ಮವಾದುದಲ್ಲ.

ಸೊನ್ನೆ ಬಿದ್ದ ಅಂಶಗಳ ಬಗ್ಗೆ ಪೊಟ್ಟಣದ ಮೇಲಿರುವ ಗ್ರಾಹಕ ಸೇವೆಯ ಇಮೇಲ್‌ಗೆ ಬರೆಯಿರಿ. ಫಾಸ್ಫೇಟ್ ಇದೆಯೇ, ತಾಳೆ ಎಣ್ಣೆ ಯಾವ ಮೂಲದ್ದು, ಸಿದ್ಧ ಉತ್ಪನ್ನವನ್ನೋ ಕಚ್ಚಾವಸ್ತುವನ್ನೋ ಪ್ರಾಣಿಗಳ ಮೇಲೆ ಪರೀಕ್ಷಿಸಲಾಗಿದೆಯೇ, ಯಾವ ಕಾರ್ಖಾನೆಯಲ್ಲಿ ತಯಾರಾಗಿದೆ ಎಂಬ ನಾಲ್ಕು ಪ್ರಶ್ನೆಗಳು ಸಾಕು. ಕನ್ನಡದಲ್ಲೇ ಬರೆಯಬಹುದು. ‘ನಾವು ಎಲ್ಲ ಕಾನೂನುಗಳನ್ನು ಪಾಲಿಸುತ್ತೇವೆ’ ಎಂಬಷ್ಟೇ ಉತ್ತರ ಬಂದರೆ ಸೊನ್ನೆಯನ್ನು ಹಾಗೆಯೇ ಉಳಿಸಿ. ಹೇಳಿಕೆ ಸ್ಪಷ್ಟವಾಗಿ ದಾರಿತಪ್ಪಿಸುವಂತಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ದೂರಿಗೆ ಖರೀದಿಯ ಬಿಲ್ಲು, ಪೊಟ್ಟಣದ ಎರಡೂ ಬದಿಯ ಸ್ಪಷ್ಟ ಚಿತ್ರ, ಬ್ಯಾಚ್ ಸಂಖ್ಯೆ ಮತ್ತು ಕಂಪನಿಯಿಂದ ಬಂದ ಉತ್ತರದ ಪ್ರತಿ ಬೇಕಾಗುವುದರಿಂದ, ದೂರು ಇತ್ಯರ್ಥವಾಗುವವರೆಗೆ ಆ ಖಾಲಿ ಪೊಟ್ಟಣವನ್ನು ಎಸೆಯದೆ ಇಟ್ಟುಕೊಳ್ಳಿ.